ನೂರು ಅಡಿಯೋ, ಇನ್ನೂರು ಅಡಿಯೋ: ಹೆಲಿಕಾಪ್ಟರ್ ತುರ್ತು ಇಳಿತದ ಅಭ್ಯಾಸ ಮತ್ತು ಅದರ ಅಪಘಾತಗಳು

ಹೆಲಿಕಾಪ್ಟರ್ ಪೈಲಟ್ ಆಗಲು ಹೊರಟವರು ಕಲಿಯಬೇಕಾದ ಪಾಠಗಳಲ್ಲಿ, ಆಕಾಶದಲ್ಲೇ ಎಂಜಿನ್ ನಿಂತುಹೋದರೆ ಯಂತ್ರವನ್ನು ನೆಲಕ್ಕೆ ಇಳಿಸುವ ಪಾಠಕ್ಕೆ ಒಂದು ವಿಚಿತ್ರ ಸ್ಥಾನವಿದೆ. ಇಂದಿನ ಟರ್ಬೈನ್ ಎಂಜಿನ್‌ಗಳು ಹಾರಾಟದ ನಡುವೆ ಕೆಡುವುದು ಅಪರೂಪವಾದ್ದರಿಂದ ಹೆಚ್ಚಿನ ಪೈಲಟ್‌ಗಳಿಗೆ ಈ ಪಾಠ ನಿವೃತ್ತಿಯವರೆಗೂ ನಿಜವಾಗಿ ಬೇಕಾಗುವುದಿಲ್ಲ; ಬೇಕಾದ ದಿನ ಮಾತ್ರ ಅದರ ಬದಲಿಗೆ ಬೇರೇನೂ ನೆರವಿಗೆ ಬರುವುದಿಲ್ಲ. ಆದ್ದರಿಂದಲೇ ಅದನ್ನು ಮತ್ತೆ ಮತ್ತೆ ಅಭ್ಯಾಸ ಮಾಡಿಸುತ್ತಾರೆ. ಹಾಗೆ ಅಭ್ಯಾಸ ಮಾಡುವಾಗಲೇ, ಎಂಜಿನ್ ಸುಸ್ಥಿತಿಯಲ್ಲಿದ್ದ ಹೆಲಿಕಾಪ್ಟರ್‌ಗಳು ನೆಲಕ್ಕೆ ಬಡಿದು ಮುರಿಯುವುದು, ಬೋಧಕರೂ ಕಲಿಯುವವರೂ ಗಾಯಗೊಳ್ಳುವುದು, ಕೆಲವೊಮ್ಮೆ ಪ್ರಾಣ ಕಳೆದುಕೊಳ್ಳುವುದು ಹಿಂದಿನಿಂದಲೂ ನಡೆದುಬಂದಿದೆ. ಅಮೆರಿಕದಲ್ಲಿ 2000, 2001 ಮತ್ತು 2006ನೇ ಇಸವಿಗಳ 523 ಹೆಲಿಕಾಪ್ಟರ್ ಅಪಘಾತಗಳನ್ನು ಪರಿಶೀಲಿಸಿದ ತಜ್ಞರ ತಂಡಕ್ಕೆ, ಅತಿ ಹೆಚ್ಚು ಅಪಘಾತಗಳಾದ ಎರಡು ಬಗೆಯ ಹಾರಾಟಗಳಲ್ಲಿ ತರಬೇತಿ ಹಾರಾಟವೂ ಒಂದೆಂದು ಕಂಡುಬಂತು. ತುರ್ತು ಇಳಿತದ ಅಭ್ಯಾಸದಲ್ಲಿ ಆಗುವ ಅಪಘಾತಗಳ ಬಹುಪಾಲಿಗೆ ಯಂತ್ರದ ದೋಷ ಕಾರಣವಲ್ಲ. ಅಭ್ಯಾಸವನ್ನು ಅಲ್ಲಿಗೇ ಕೈಬಿಟ್ಟು ಎಂಜಿನ್ ಶಕ್ತಿಯನ್ನು ಮರಳಿ ಕೊಡುವ ತೀರ್ಮಾನ ಕೆಲವೇ ಸೆಕೆಂಡ್‌ಗಳಷ್ಟು ತಡವಾಗುವುದು ಕಾರಣ. ಆ ಸೆಕೆಂಡ್‌ಗಳ ಲೆಕ್ಕ ಸಮುದ್ರಮಟ್ಟದ ಬಯಲಿನಲ್ಲಿ ಒಂದಾದರೆ, ಕರ್ನಾಟಕದ ಪ್ರಸ್ಥಭೂಮಿಯ ಮೇಲೆ, ಅದಕ್ಕೂ ಮಿಗಿಲಾಗಿ ಚಿಕ್ಕಮಗಳೂರಿನ ಕಾಫಿ ಬೆಟ್ಟಗಳ ಮೇಲೆ, ಮತ್ತೊಂದೇ ಆಗಿದೆ.

ಎಂಜಿನ್ ನಿಂತ ಹೆಲಿಕಾಪ್ಟರ್ ಕಲ್ಲಿನಂತೆ ಬೀಳುತ್ತದೆ ಎಂಬ ನಂಬಿಕೆ ಜನಸಾಮಾನ್ಯರಲ್ಲಿ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. ಎಂಜಿನ್ ಮತ್ತು ತಲೆಯ ಮೇಲೆ ತಿರುಗುವ ರೋಟರ್‌ಗಳ ನಡುವೆ ಒಂದು ಬಿಡುಗಡೆಯ ಜೋಡಣೆ ಇರುತ್ತದೆ. ಪೆಡಲ್ ತುಳಿಯುವುದನ್ನು ನಿಲ್ಲಿಸಿದ ಮೇಲೂ ಸೈಕಲ್ಲಿನ ಹಿಂದಿನ ಚಕ್ರ ತಾನೇ ತಿರುಗುತ್ತ ಹೋಗುವಂತೆ, ಎಂಜಿನ್ ನಿಂತರೂ ರೋಟರ್ ನಿಲ್ಲದೆ ತಿರುಗಲು ಈ ಜೋಡಣೆ ಅವಕಾಶ ಕೊಡುತ್ತದೆ. ರೋಟರ್‌ನ ಎಲ್ಲ ಅಲಗುಗಳ ಓರೆಯನ್ನು ಒಟ್ಟಿಗೆ ಹೆಚ್ಚು ಕಡಿಮೆ ಮಾಡುವ, ಪೈಲಟ್‌ನ ಎಡಗೈಯಲ್ಲಿರುವ ಹಿಡಿಕೆಗೆ ಕಲೆಕ್ಟಿವ್ ಎಂದು ಹೆಸರು. ಎಂಜಿನ್ ನಿಂತ ಕೂಡಲೇ ಪೈಲಟ್ ಈ ಹಿಡಿಕೆಯನ್ನು ಕೆಳಗಿಳಿಸಿದರೆ ಅಲಗುಗಳು ಹೆಚ್ಚುಕಡಿಮೆ ಚಪ್ಪಟೆಯಾಗುತ್ತವೆ, ಯಂತ್ರ ಕೆಳಗಿಳಿಯತೊಡಗುತ್ತದೆ, ಅದುವರೆಗೆ ಮೇಲಿನಿಂದ ಕೆಳಕ್ಕೆ ಹರಿಯುತ್ತಿದ್ದ ಗಾಳಿ ಈಗ ಕೆಳಗಿನಿಂದ ಮೇಲಕ್ಕೆ ಹರಿದು ರೋಟರನ್ನು ತಿರುಗಿಸುತ್ತ ಇರುತ್ತದೆ. ಗಾಳಿಯ ಬಲದಿಂದಲೇ ನಡೆಯುವ ಈ ತಿರುಗಾಟವನ್ನು ಆಟೊರೊಟೇಷನ್ ಎನ್ನುತ್ತಾರೆ. ಯಂತ್ರ ಎತ್ತರದಲ್ಲಿದ್ದುದರಿಂದ ಅದಕ್ಕೆ ಸಿಕ್ಕಿದ್ದ ಶಕ್ತಿ ಇಳಿಯುತ್ತ ಖರ್ಚಾಗಿ ರೋಟರ್‌ನ ತಿರುಗುವಿಕೆಯಲ್ಲೂ ಮುಂದಕ್ಕೆ ಸಾಗುವ ವೇಗದಲ್ಲೂ ಜಮೆಯಾಗುತ್ತದೆ; ನೆಲ ಹತ್ತಿರವಾದಾಗ ಪೈಲಟ್ ಮೊದಲು ಮೂತಿಯನ್ನು ಮೇಲಕ್ಕೆತ್ತಿ ಮುನ್ನಡೆಯ ವೇಗವನ್ನೂ ಇಳಿಯುವ ವೇಗವನ್ನೂ ಕಳೆಯುತ್ತಾನೆ, ಇದಕ್ಕೆ ಫ್ಲೇರ್ ಎಂಬ ಹೆಸರಿದೆ; ಅನಂತರ ಯಂತ್ರವನ್ನು ಸಮಮಾಡಿ, ಕಲೆಕ್ಟಿವ್ ಎತ್ತಿ, ರೋಟರ್‌ನಲ್ಲಿ ಉಳಿದ ತಿರುಗುಬಲವನ್ನೆಲ್ಲ ಕೊನೆಯ ಕೆಲವು ಅಡಿಗಳನ್ನು ಮೆತ್ತಗೆ ಇಳಿಯುವುದಕ್ಕೆ ವಿನಿಯೋಗಿಸುತ್ತಾನೆ. ಈ ಜಮೆ ಒಂದೇ ಸಲ ಖರ್ಚು ಮಾಡಲು ಬರುವಂಥದು. ಮೊದಲೇ ಖರ್ಚಾದರೆ ಯಂತ್ರ ಹತ್ತಿಪ್ಪತ್ತು ಅಡಿ ಎತ್ತರದಲ್ಲಿ ಆಸರೆಯಿಲ್ಲದೆ ಉಳಿಯುತ್ತದೆ, ತಡವಾದರೆ ಜಮೆ ಕೈಯಲ್ಲಿದ್ದಂತೆಯೇ ನೆಲ ಬಂದುಬಿಡುತ್ತದೆ.

ಈ ತತ್ತ್ವ ಹೆಲಿಕಾಪ್ಟರಿಗಿಂತ ಹಳೆಯದು. ಸ್ಪೇನಿನ ಹ್ವಾನ್ ದೆ ಲಾ ಸಿಯೆರ್ವ ತಾನು ರಚಿಸಿದ ದೊಡ್ಡ ವಿಮಾನವೊಂದು ವೇಗ ಕಳೆದುಕೊಂಡು ಬಿದ್ದುದನ್ನು ಕಂಡ ಮೇಲೆ, ವೇಗ ಕಡಿಮೆಯಾದರೂ ಬೀಳದ ವಿಮಾನವನ್ನು ಹುಡುಕುತ್ತ ಆಟೊಜೈರೊ ಎಂಬ, ಗಾಳಿಯಿಂದಲೇ ತಿರುಗುವ ರೋಟರ್‌ನ ಯಂತ್ರವನ್ನು ರೂಪಿಸಿ 1923ರ ಜನವರಿಯಲ್ಲಿ ಹಾರಿಸಿದ. ಅದೇ ತಿಂಗಳು ನೆಲಬಿಟ್ಟ ಸ್ವಲ್ಪ ಹೊತ್ತಿನಲ್ಲೇ ಅದರ ಎಂಜಿನ್ ಕೈಕೊಟ್ಟಾಗ ಯಂತ್ರ ಮೆಲ್ಲಗೆ ನೇರವಾಗಿ ಇಳಿದು ಉಳಿಯಿತು. 1937ರ ಮೇ 10ರಂದು ಜರ್ಮನಿಯಲ್ಲಿ ಎವಾಲ್ಡ್ ರೋಲ್ಫ್ಸ್ ಎಂಬ ಪೈಲಟ್ ಫೋಕೆ ವುಲ್ಫ್ 61 ಹೆಲಿಕಾಪ್ಟರನ್ನು ಎಂಜಿನ್ ನೆರವಿಲ್ಲದೆ ಇಳಿಸಿದ್ದು ಹೆಲಿಕಾಪ್ಟರಿನ ಇತಿಹಾಸದಲ್ಲಿ ಅಂಥ ಮೊದಲ ಇಳಿತವೆಂದು ದಾಖಲಾಗಿದೆ. ಕರ್ನಾಟಕದ ಓದುಗರಿಗೆ ಇನ್ನೂ ಹತ್ತಿರವಾದ ಘಟನೆ 1972ರ ಜೂನ್ 21ರದು. ಅಂದು ಫ್ರಾನ್ಸಿನ ಜಾನ್ ಬೂಲೆ ಲಾಮಾ ಎಂಬ ಹೆಲಿಕಾಪ್ಟರನ್ನು 12,442 ಮೀಟರ್ ಎತ್ತರಕ್ಕೆ ಒಯ್ದು ವಿಶ್ವದಾಖಲೆ ಮಾಡಿದ. ಇಳಿಯಲು ಶಕ್ತಿ ತಗ್ಗಿಸಿದಾಗ ಆ ಎತ್ತರದ ಕೊರೆಯುವ ಚಳಿಯಲ್ಲಿ ಎಂಜಿನ್ ಆರಿಹೋಯಿತು, ಮತ್ತೆ ಹೊತ್ತಿಕೊಳ್ಳಲಿಲ್ಲ. ಹನ್ನೆರಡು ಕಿಲೋಮೀಟರಿಗೂ ಮೀರಿದ ಎತ್ತರದಿಂದ ಆತ ಆಟೊರೊಟೇಷನ್ ಒಂದರಿಂದಲೇ ಸುರಕ್ಷಿತವಾಗಿ ನೆಲಕ್ಕೆ ಬಂದ. ಅದೇ ಲಾಮಾವನ್ನು ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್ ಲಿಮಿಟೆಡ್, ಅಂದರೆ ಎಚ್‌ಎಎಲ್, ಫ್ರಾನ್ಸಿನ ಪರವಾನಗಿ ಪಡೆದು ಚೀತಾ ಎಂಬ ಹೆಸರಿನಲ್ಲಿ ತಯಾರಿಸಿತು. ಸಿಯಾಚಿನ್ ನೀರ್ಗಲ್ಲಿನ ಮೇಲಿನ ಸೈನಿಕರಿಗೆ ದಶಕಗಳ ಕಾಲ ಆಹಾರ, ಔಷಧಿ ಒಯ್ದ ಒಂಟಿ ಎಂಜಿನ್ನಿನ ಯಂತ್ರ ಅದೇ.

ಬೂಲೆಗೆ ಕಾಲ ಧಾರಾಳವಾಗಿತ್ತು. ತರಬೇತಿಯಲ್ಲಿ ಈ ಇಡೀ ಕ್ರಿಯೆಯನ್ನು ಸಾಮಾನ್ಯವಾಗಿ ಸಾವಿರ ಅಡಿಯ ಆಸುಪಾಸಿನ ಎತ್ತರದಿಂದ ಆರಂಭಿಸುತ್ತಾರೆ, ಹಾಗಾಗಿ ಆರಂಭದಿಂದ ಕೊನೆಯವರೆಗೆ ಒಂದು ನಿಮಿಷವೂ ಇರುವುದಿಲ್ಲ. ಅಭ್ಯಾಸದಲ್ಲಿ ಎರಡು ಬಗೆಗಳಿವೆ. ಮೊದಲನೆಯದರಲ್ಲಿ ಎಂಜಿನ್ನನ್ನು ನಿಧಾನಗತಿಗೆ ಇಳಿಸಿ ನಿಜವಾಗಿಯೂ ನೆಲ ಮುಟ್ಟುವವರೆಗೆ ಆಟೊರೊಟೇಷನ್ ನಡೆಸುತ್ತಾರೆ. ಎರಡನೆಯದರಲ್ಲಿ ಫ್ಲೇರ್ ಮುಗಿಯುವ ಹೊತ್ತಿಗೆ ಎಂಜಿನ್ ಶಕ್ತಿಯನ್ನು ಮರಳಿ ಕೊಟ್ಟು, ನೆಲದಿಂದ ಕೆಲವು ಅಡಿ ಮೇಲೆ ಯಂತ್ರವನ್ನು ನಿಂತಲ್ಲೇ ತೇಲಿಸಿ ಪಾಠ ಮುಗಿಸುತ್ತಾರೆ. ಎರಡನೆಯದು ಸುರಕ್ಷಿತವೆಂದು ಮೇಲ್ನೋಟಕ್ಕೆ ಅನಿಸಿದರೂ ಅದಕ್ಕೆ ತನ್ನದೇ ಆದ ಅಪಾಯವಿದೆ: ನಿಧಾನಗತಿಯಲ್ಲಿದ್ದ ಎಂಜಿನ್ ಕೇಳಿದ ಕ್ಷಣವೇ ಪೂರ್ಣ ಶಕ್ತಿ ಕೊಡುವುದಿಲ್ಲ, ಕೊಟ್ಟಾಗ ಯಂತ್ರದ ಮೈ ಒಂದು ಕಡೆಗೆ ತಿರುಗಲು ನೋಡುತ್ತದೆ, ಅದನ್ನು ಕಾಲಿನ ಪೆಡಲ್‌ಗಳಿಂದ ಅದೇ ಕ್ಷಣದಲ್ಲಿ ತಡೆಯಬೇಕಾಗುತ್ತದೆ. ಕೆಲವು ಸಲ ಅಭ್ಯಾಸಕ್ಕೆಂದು ನಿಧಾನಗೊಳಿಸಿದ ಎಂಜಿನ್ ನಿಜವಾಗಿಯೇ ನಿಂತುಹೋಗಿ, ನಟಿಸುತ್ತಿದ್ದ ಆಪತ್ತು ಸಾಕ್ಷಾತ್ ಆಪತ್ತಾಗಿ ಬದಲಾದದ್ದೂ ಉಂಟು. ಬಾಲದ ರೋಟರ್ ಕೆಟ್ಟಂತೆ, ಹೈಡ್ರಾಲಿಕ್ ವ್ಯವಸ್ಥೆ ಕೈಕೊಟ್ಟಂತೆ ನಟಿಸಿ ಮಾಡಿಸುವ ಅಭ್ಯಾಸಗಳಲ್ಲೂ ಇಂಥದೇ ಅಪಾಯಗಳಿವೆ. ಆದರೆ ಆಟೊರೊಟೇಷನ್ನಿನಷ್ಟು ಇಕ್ಕಟ್ಟಾದ ಕಾಲಾವಕಾಶ ಅವಕ್ಕಿಲ್ಲ.

ಈ ಇಕ್ಕಟ್ಟು ಎಷ್ಟೆಂಬುದು ರೋಟರ್‌ನ ತೂಕವನ್ನು ಅವಲಂಬಿಸಿದೆ. ಭಾರವಾದ ರೋಟರ್ ಎಂಜಿನ್ ನಿಂತ ಮೇಲೂ ಸ್ವಲ್ಪ ಹೊತ್ತು ತನ್ನ ವೇಗವನ್ನು ಉಳಿಸಿಕೊಳ್ಳುತ್ತದೆ, ಹಗುರವಾದದ್ದು ಬೇಗ ಕಳೆದುಕೊಳ್ಳುತ್ತದೆ. ಅಮೆರಿಕದ ರಾಬಿನ್ಸನ್ ಕಂಪನಿಯ ಆರ್22, 1979ರಲ್ಲಿ ಪ್ರಮಾಣಪತ್ರ ಪಡೆದ, ಗರಿಷ್ಠ 622 ಕಿಲೋ ತೂಗುವ ಪುಟ್ಟ ಯಂತ್ರ. ಖರ್ಚು ಕಡಿಮೆಯೆಂಬ ಕಾರಣಕ್ಕೆ ಅದು ಜಗತ್ತಿನ ಎಷ್ಟೋ ನಾಗರಿಕ ಹಾರಾಟ ಶಾಲೆಗಳ ಪಾಠದ ಯಂತ್ರವಾಯಿತು. ಅದರ ಎರಡು ಅಲಗಿನ ರೋಟರ್ ತೀರಾ ಹಗುರ. ಎಂಜಿನ್ ನಿಂತ ಬಳಿಕ ಕಲೆಕ್ಟಿವ್ ಇಳಿಸಲು ಪೈಲಟ್‌ಗೆ ಸಿಗುವುದು ಒಂದೆರಡು ಸೆಕೆಂಡ್ ಮಾತ್ರ. ಅಷ್ಟರೊಳಗೆ ಇಳಿಸದಿದ್ದರೆ ರೋಟರ್‌ನ ವೇಗ ಕುಸಿದು, ಅಲಗುಗಳು ಗಾಳಿಯನ್ನು ಹಿಡಿಯುವ ಶಕ್ತಿಯನ್ನೇ ಕಳೆದುಕೊಳ್ಳುತ್ತವೆ. ಸ್ಟಾಲ್ ಎಂಬ ಹೆಸರಿನ ಈ ಸ್ಥಿತಿಗೆ ಒಮ್ಮೆ ಬಿದ್ದ ರೋಟರನ್ನು ಹಾರಾಟದಲ್ಲಿ ಮತ್ತೆ ಎತ್ತಿ ನಿಲ್ಲಿಸಲಾಗುವುದಿಲ್ಲ. ಸರಣಿ ಅಪಘಾತಗಳಾದ ಮೇಲೆ ಅಮೆರಿಕದ ವಿಮಾನಯಾನ ಆಡಳಿತ 1995ರಲ್ಲಿ ಈ ಕಂಪನಿಯ ಎರಡು ಮಾದರಿಗಳಿಗೆಂದೇ ವಿಶೇಷ ನಿಯಮ ತಂದು, ರೋಟರ್ ವೇಗ ಕುಸಿತ ಮತ್ತು ಆಟೊರೊಟೇಷನ್ ಕುರಿತ ಪ್ರತ್ಯೇಕ ಶಿಕ್ಷಣವನ್ನು ಕಡ್ಡಾಯ ಮಾಡಿತು.

ಅದೇ ಕಂಪನಿ 2003ರ ಜುಲೈಯಲ್ಲಿ ಹೊರಡಿಸಿದ ಒಂದು ಪುಟ್ಟ ಸುರಕ್ಷತಾ ಸೂಚನೆ, ಈ ವಿಷಯದ ಬಗ್ಗೆ ಬಂದ ಬರಹಗಳಲ್ಲೇ ಅತ್ಯಂತ ಉಪಯುಕ್ತವಾದುದೆಂದು ಹೇಳಲು ಸಂಕೋಚಪಡಬೇಕಾಗಿಲ್ಲ. ಅಪರೂಪಕ್ಕೆ ಬರುವ ಎಂಜಿನ್ ವೈಫಲ್ಯಕ್ಕೆ ಸಿದ್ಧರಾಗುವ ಭರದಲ್ಲಿ ಪ್ರತಿ ವರ್ಷ ಅನೇಕ ಹೆಲಿಕಾಪ್ಟರ್‌ಗಳು ನಾಶವಾಗುತ್ತಿವೆ ಎಂದು ನೇರವಾಗಿ ಒಪ್ಪಿಕೊಂಡ ಆ ಸೂಚನೆ, ಅಪಘಾತಗಳಲ್ಲಿ ಹಲವು ಆಗುವುದು ಸರಿಯಾದ ಸ್ಥಿತಿ ಒದಗದೆಯೇ ಯಂತ್ರವನ್ನು ನೂರು ಅಡಿಗಿಂತ ಕೆಳಕ್ಕೆ ಇಳಿಯಲು ಬಿಟ್ಟಾಗ ಎಂದು ಗುರುತಿಸಿತು. ನೆಲದಿಂದ ನೂರು ಅಡಿ ಎತ್ತರ ದಾಟುವ ಕ್ಷಣದಲ್ಲಿ ರೋಟರ್‌ನ ವೇಗ ಮಾಪಕದ ಮೇಲಿನ ಹಸಿರು ಪಟ್ಟಿಯ ನಡುವೆ ಇರಬೇಕು, ಮುನ್ನಡೆಯ ವೇಗ 60ರಿಂದ 70 ನಾಟ್‌ನಲ್ಲಿ ಸ್ಥಿರವಾಗಿರಬೇಕು, ಇಳಿಯುವ ವೇಗ ನಿಮಿಷಕ್ಕೆ ಸುಮಾರು 1,500 ಅಡಿಯನ್ನು ಮೀರಬಾರದು, ತಿರುವುಗಳೆಲ್ಲ ಮುಗಿದಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಯೋಚಿಸುತ್ತ ಕೂರದೆ ತಕ್ಷಣ ಎಂಜಿನ್ ಶಕ್ತಿ ಕೊಟ್ಟು ಮೇಲೇರಬೇಕು ಎಂಬುದು ಅದರ ತಿರುಳು. ನಿಮಿಷಕ್ಕೆ 1,500 ಅಡಿ ಎಂದರೆ ಸೆಕೆಂಡಿಗೆ 25 ಅಡಿ. ನೂರು ಅಡಿಯಲ್ಲಿರುವ ಯಂತ್ರಕ್ಕೂ ನೆಲಕ್ಕೂ ನಡುವೆ ಇರುವುದು ನಾಲ್ಕು ಸೆಕೆಂಡ್. ಆ ನಾಲ್ಕರಲ್ಲಿ ಬೋಧಕ ತಪ್ಪನ್ನು ಕಾಣಬೇಕು, ಅದು ತಪ್ಪೆಂದು ಒಪ್ಪಿಕೊಳ್ಳಬೇಕು, ಕಲಿಯುವವನ ಕೈಯಿಂದ ನಿಯಂತ್ರಣ ತೆಗೆದುಕೊಳ್ಳಬೇಕು, ಎಂಜಿನ್ ಶಕ್ತಿ ಕೊಟ್ಟು ಅದು ಬರುವವರೆಗೆ ಕಾಯಬೇಕು. ಇಷ್ಟು ಕೆಲಸ ಅಷ್ಟರಲ್ಲಿ ಆಗಲಾರದೆಂಬುದನ್ನು ತಿಳಿಯಲು ವಿಮಾನಶಾಸ್ತ್ರ ಓದಿರಬೇಕಿಲ್ಲ.

ಸೂಚನೆಯಲ್ಲಿ ಇನ್ನೊಂದು ಸಾಲಿದೆ, ಕರ್ನಾಟಕದ ಮಟ್ಟಿಗೆ ಅದೇ ಮುಖ್ಯವಾದದ್ದು. ಸಾಂದ್ರತಾ ಎತ್ತರ 4,000 ಅಡಿಗಿಂತ ಹೆಚ್ಚಿರುವಲ್ಲಿ ತೀರ್ಮಾನದ ಎತ್ತರವನ್ನು ನೂರರಿಂದ ಇನ್ನೂರು ಅಡಿಗೆ ಅಥವಾ ಅದಕ್ಕೂ ಮೇಲಕ್ಕೆ ಏರಿಸಬೇಕೆಂದು ಅದು ಹೇಳುತ್ತದೆ. ಸಾಂದ್ರತಾ ಎತ್ತರವೆಂದರೆ ಒಂದು ಸ್ಥಳದ ಗಾಳಿ ಎಷ್ಟು ತೆಳುವಾಗಿದೆ ಎಂಬುದನ್ನು ಎತ್ತರದ ಭಾಷೆಯಲ್ಲಿ ಹೇಳುವ ಕ್ರಮ: ನೆಲ ಎಷ್ಟೇ ಎತ್ತರದಲ್ಲಿರಲಿ, ಬಿಸಿಲಿನಿಂದ ಗಾಳಿ ಕಾದು ಹಿಗ್ಗಿದರೆ, ಯಂತ್ರ ಇನ್ನೂ ಎತ್ತರದ ಸ್ಥಳದಲ್ಲಿ ಹಾರುತ್ತಿರುವಂತೆಯೇ ವರ್ತಿಸುತ್ತದೆ. ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣ ಸಮುದ್ರಮಟ್ಟದಿಂದ ಸುಮಾರು 2,900 ಅಡಿ ಎತ್ತರದಲ್ಲಿದೆ. ಏಪ್ರಿಲ್‌ನ ಮಧ್ಯಾಹ್ನ ಉಷ್ಣತೆ 33 ಡಿಗ್ರಿ ಸೆಲ್ಸಿಯಸ್ ಮುಟ್ಟಿದಾಗ ಅಲ್ಲಿನ ಸಾಂದ್ರತಾ ಎತ್ತರ 5,700 ಅಡಿಯ ಆಸುಪಾಸಿಗೆ ಏರುತ್ತದೆ, 20 ಡಿಗ್ರಿಯ ತಂಪು ಬೆಳಗಿನಲ್ಲೂ ಅದು 4,000 ಅಡಿಯನ್ನು ದಾಟಿಯೇ ಇರುತ್ತದೆ. ಅಂದರೆ, ಬೇರೆಡೆ ವಿಶೇಷ ಸಂದರ್ಭಕ್ಕೆಂದು ಬರೆದ ಎಚ್ಚರಿಕೆ ದಕ್ಷಿಣ ಕರ್ನಾಟಕದ ಮೈದಾನದಲ್ಲಿ ವರ್ಷದ ಹೆಚ್ಚಿನ ದಿನಗಳ ಸಾಮಾನ್ಯ ನಿಯಮವಾಗಿರಬೇಕು. ಬೇರೆ ಮಾದರಿಯ ಹೆಲಿಕಾಪ್ಟರ್‌ಗಳಿಗೆ ಅಂಕಿಗಳು ಬೇರೆಯಾಗುತ್ತವೆಯೇ ಹೊರತು ಗಾಳಿಯ ಸ್ವಭಾವ ಬೇರೆಯಾಗುವುದಿಲ್ಲ.

ಚಿಕ್ಕಮಗಳೂರು ಪಟ್ಟಣ ಸುಮಾರು 3,500 ಅಡಿ ಎತ್ತರದಲ್ಲಿದೆ. ಕಾಫಿ ಹೂವಿನ ಮಳೆಗೆ ಬೆಳೆಗಾರರು ಕಾಯುವ ಮಾರ್ಚ್ ತಿಂಗಳಲ್ಲಿ, ಉಷ್ಣತೆ 30 ಡಿಗ್ರಿ ತಲುಪಿದ ಹಗಲು, ಅಲ್ಲಿನ ಸಾಂದ್ರತಾ ಎತ್ತರ 6,000 ಅಡಿಯನ್ನು ಮೀರುತ್ತದೆ. ಆ ಗಾಳಿಯಲ್ಲಿ ಪೈಲಟ್‌ನ ಮುಂದಿರುವ ವೇಗಮಾಪಕ 65 ನಾಟ್ ತೋರಿಸುತ್ತಿದ್ದರೂ ಯಂತ್ರ ನಿಜವಾಗಿ ಸುಮಾರು 71 ನಾಟ್ ವೇಗದಲ್ಲಿ ಸಾಗುತ್ತಿರುತ್ತದೆ, ಏಕೆಂದರೆ ಮಾಪಕ ಅಳೆಯುವುದು ಎದುರು ಬರುವ ಗಾಳಿಯ ಒತ್ತಡವನ್ನು, ತೆಳುವಾದ ಗಾಳಿ ಅಷ್ಟೇ ಒತ್ತಡ ತೋರಿಸಬೇಕಾದರೆ ವೇಗ ಹೆಚ್ಚಿರಲೇಬೇಕು. ಚಲನೆಯ ಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುವುದರಿಂದ ಫ್ಲೇರ್‌ನಲ್ಲಿ ಕಳೆಯಬೇಕಾದ ಶಕ್ತಿ ಸಮುದ್ರಮಟ್ಟಕ್ಕಿಂತ ಐದನೇ ಒಂದು ಪಾಲಿನಷ್ಟು ಹೆಚ್ಚಾಗುತ್ತದೆ, ಅದನ್ನು ಕಳೆಯಬೇಕಾದ ಅಲಗುಗಳ ಹಿಡಿತವೋ ಅದೇ ತೆಳುಗಾಳಿಯಿಂದಾಗಿ ಕುಗ್ಗಿರುತ್ತದೆ, ಇಳಿಯುವ ವೇಗವೂ ಏರಿರುತ್ತದೆ. ಮಂಗಳೂರಿನ ಕಡಲ ತಡಿಯಲ್ಲಿ ಕೈಗೆ ಅಭ್ಯಾಸವಾದ ಲಯವನ್ನು ಇಲ್ಲಿಗೆ ತಂದ ಪೈಲಟ್‌ಗೆ ನೆಲ ಅವನು ನಿರೀಕ್ಷಿಸಿದ್ದಕ್ಕಿಂತ ಬೇಗ ಎದುರಾಗುತ್ತದೆ.

ಚಿಕ್ಕಮಗಳೂರಿನಿಂದ ಮುತ್ತೋಡಿಯ ಕಾಡಿನತ್ತ ಹೋಗುವ ದಾರಿಯಲ್ಲಿರುವ ಮಲ್ಲಂದೂರಿನ ಸುತ್ತಲಿನ ನೆಲವನ್ನು ಈ ದೃಷ್ಟಿಯಿಂದ ನೋಡಿದರೆ ತೊಡಕು ಇನ್ನಷ್ಟು ಸ್ಪಷ್ಟವಾಗುತ್ತದೆ. ಒಂದು ಕಡೆ ಬಾಬಾಬುಡನ್ ಗಿರಿಶ್ರೇಣಿ, ಅದರಲ್ಲಿ 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ. ಇನ್ನೊಂದು ಕಡೆ ಭದ್ರಾ ಅಭಯಾರಣ್ಯ. ನಡುವೆ ಇಳಿಜಾರುಗಳ ತುಂಬ ಕಾಫಿ ತೋಟ. ಮೇಲಿನಿಂದ ಹಸಿರು ಹಾಸಿನಂತೆ ಕಾಣುವ ತೋಟದ ಕಾಫಿ ಗಿಡಗಳು ಆಳೆತ್ತರದವಾದರೂ ಅವುಗಳಿಗೆ ನೆರಳು ಕೊಡುವ ಸಿಲ್ವರ್ ಓಕ್, ಅತ್ತಿ, ಹಲಸು, ಬೀಟೆ ಮರಗಳು ಅವುಗಳ ಮೇಲೆ ಬಲು ಎತ್ತರಕ್ಕೆ ಬೆಳೆದಿರುತ್ತವೆ, ಸಿಲ್ವರ್ ಓಕ್‌ಗಳ ಬೊಡ್ಡೆಗಳಿಗೆ ಕಾಳುಮೆಣಸಿನ ಬಳ್ಳಿ ಹಬ್ಬಿರುತ್ತದೆ. ಎಂಜಿನ್ ನಿಂತ ಹೆಲಿಕಾಪ್ಟರ್‌ಗೆ ಇಂಥ ಮರಗಳ ತಲೆಯೇ ನೆಲ. ಅಲ್ಲಿಂದ ಕೆಳಕ್ಕೆ ನಿಜವಾದ ನೆಲದವರೆಗೆ ಬೀಳುವ ಅಂತರ ಬಾಕಿ ಉಳಿದಿರುತ್ತದೆ. ಬಯಲೆಂದು ಹೇಳಬಹುದಾದದ್ದು ಎರಡು ಗುಡ್ಡಗಳ ನಡುವಿನ ತಗ್ಗಿನ ಗದ್ದೆ, ಶಾಲೆಯ ಆಟದ ಮೈದಾನ ಮತ್ತು ಕಾಫಿ ಒಣಗಿಸುವ ಕಣ, ಇಷ್ಟೇ. ಗದ್ದೆಗಳಿಗೆ ಬದುಗಳಿವೆ, ಮುನ್ನಡೆಯ ವೇಗ ಸ್ವಲ್ಪ ಉಳಿದಂತೆ ಜಾರುತ್ತ ಇಳಿಯುವ ಕ್ರಮ ಸಮತಟ್ಟಾದ ರನ್‌ವೇಯಲ್ಲಿ ಯಂತ್ರವನ್ನು ಉಳಿಸುತ್ತದೆ, ಇಲ್ಲಿ ಅದು ಯಂತ್ರದ ಕೆಳಗಿನ ಹಳಿಗಳನ್ನು ಬದುವಿಗೆ ಸಿಕ್ಕಿಸಿ ಮಗುಚಿಹಾಕುತ್ತದೆ. ಮುಂಗಾರಿನಲ್ಲಿ ಅದೇ ಗದ್ದೆ ಕೆಸರಿನ ಮಡು. ಹಡ್ಲು ಬಿದ್ದ ಗದ್ದೆಗಳಲ್ಲಿ ಪೊದೆಯ ನಡುವೆ ಏನಿದೆಯೆಂದು ಮೇಲಿನಿಂದ ತಿಳಿಯುವುದಿಲ್ಲ, ಅಡಕೆಗೆ ತಿರುಗಿದ ಗದ್ದೆಯಂತೂ ಲೆಕ್ಕಕ್ಕೆ ಬರುವುದೇ ಇಲ್ಲ, ಮತ್ತು ತಗ್ಗಿನುದ್ದಕ್ಕೂ ತೋಟದ ಮನೆಗಳಿಗೆ ಹೋಗುವ ವಿದ್ಯುತ್ ತಂತಿಗಳು ಅಡ್ಡ ಹಾಯ್ದಿರುತ್ತವೆ. ಇಂಥ ಸೀಮೆಯ ಮೇಲೆ ಹಾರುವ ಪೈಲಟ್‌ಗೆ ಬೇಕಾದ ಕೌಶಲ, ನಿಂತಲ್ಲೇ ಇಳಿಯುವಷ್ಟು ವೇಗ ಕಳೆದು ಒಂದು ಸಣ್ಣ ಚೌಕದೊಳಗೆ ಯಂತ್ರವನ್ನು ಕೂರಿಸುವುದು. ಅಭ್ಯಾಸದಲ್ಲಿ ಅತ್ಯಂತ ಅಪಾಯಕಾರಿಯಾದದ್ದೂ ಅದೇ. ಚುನಾವಣೆಯ ಕಾಲದಲ್ಲಿ ಮಂತ್ರಿಗಳನ್ನೂ ನೆರೆಯ ಕಾಲದಲ್ಲಿ ರಕ್ಷಣಾ ತಂಡಗಳನ್ನೂ ಹೊತ್ತ ಹೆಲಿಕಾಪ್ಟರ್‌ಗಳು ಮಲೆನಾಡಿನ ಮೇಲೆ ಹಾರುವುದು ಹೊಸತಲ್ಲವಾದ್ದರಿಂದ ಈ ಮಾತು ಪುಸ್ತಕದ ಊಹೆ ಮಾತ್ರವಲ್ಲ.

ತೀರ್ಮಾನ ಏಕೆ ತಡವಾಗುತ್ತದೆ ಎಂಬ ಪ್ರಶ್ನೆಗೆ ಉತ್ತರ ಬೋಧಕನ ಮನಸ್ಸಿನಲ್ಲಿದೆ. ಕಲಿಯುವವನು ತನ್ನ ತಪ್ಪನ್ನು ತಾನೇ ಕಂಡು ತಿದ್ದಿಕೊಳ್ಳಲೆಂದು ಒಳ್ಳೆಯ ಶಿಕ್ಷಕ ಯಾವ ವಿದ್ಯೆಯಲ್ಲೂ ಸ್ವಲ್ಪ ಕಾಯುತ್ತಾನೆ. ಸಂಗೀತದಲ್ಲಿ, ಗಣಿತದಲ್ಲಿ ಗುಣವೆನಿಸುವ ಈ ತಾಳ್ಮೆ ಆಟೊರೊಟೇಷನ್ನಿನ ಕೊನೆಯ ನೂರು ಅಡಿಯಲ್ಲಿ ಪ್ರಾಣಕ್ಕೆ ಎರವಾಗುತ್ತದೆ. ಅದರ ಜೊತೆಗೆ ದಣಿವಿದೆ. ಒಂದರ ಹಿಂದೊಂದು ಅನೇಕ ಆಟೊರೊಟೇಷನ್‌ಗಳನ್ನು ಮಾಡಿದ ಬಳಿಕವೇ ಅಪಘಾತಗಳು ಹೆಚ್ಚಾಗಿ ಸಂಭವಿಸುವುದನ್ನು ಗಮನಿಸಿ, ಒಂದು ಸರದಿಯಲ್ಲಿ ಮೂರು ನಾಲ್ಕಕ್ಕಿಂತ ಹೆಚ್ಚು ಮಾಡಿಸಬಾರದೆಂದು 2003ರ ಸೂಚನೆ ಹೇಳಿತು. ಕಲಿಯುವವನಿಗೆ ತಿಳಿಸದೆ ಹಠಾತ್ತಾಗಿ ಎಂಜಿನ್ ಶಕ್ತಿಯನ್ನು ಕಡಿದು, ಅವನು ಏನು ಮಾಡುತ್ತಾನೆಂದು ನೋಡುವ ಪದ್ಧತಿ ಬೋಧಕರಲ್ಲಿ ಬಹಳ ಕಾಲ ಇತ್ತು. ನಿಜವಾದ ಆಪತ್ತು ಹೇಳಿ ಬರುವುದಿಲ್ಲವೆಂಬುದು ಅದರ ಸಮರ್ಥನೆ. ಆದರೆ ಬೆಚ್ಚಿದ ಮನುಷ್ಯ ಕೈಯಲ್ಲಿದ್ದುದನ್ನು ಗಟ್ಟಿಯಾಗಿ ಹಿಡಿದುಬಿಡಬಹುದು, ತಪ್ಪು ಪೆಡಲ್ ಒತ್ತಬಹುದು, ಇಳಿಸಬೇಕಾದ ಕಲೆಕ್ಟಿವನ್ನು ಎತ್ತಬಹುದು, ಏನೂ ಮಾಡದೆ ಕುಳಿತಿರಲೂಬಹುದು. ಒಂದೆರಡು ಸೆಕೆಂಡಿನ ಅವಕಾಶವಿರುವ ಯಂತ್ರದಲ್ಲಿ ಇದನ್ನು ಪರೀಕ್ಷಿಸುವುದು ವಿದ್ಯಾರ್ಥಿಯನ್ನು ಪರೀಕ್ಷಿಸಿದಂತಲ್ಲ, ಇಬ್ಬರ ಜೀವವನ್ನೂ ಪಣಕ್ಕಿಟ್ಟಂತೆ. ರಾಬಿನ್ಸನ್ ಕಂಪನಿಯ ಮತ್ತೊಂದು ಸೂಚನೆ ಈ ಪದ್ಧತಿಯನ್ನೇ ಮಾರಕವೆಂದು ಕರೆದಿದೆ.

ಹಾಗಾದರೆ ಅಭ್ಯಾಸವನ್ನೇ ಬಿಡಬಹುದಲ್ಲವೇ ಎಂಬ ವಾದವೂ ಇದೆ. ನಿಜವಾದ ಎಂಜಿನ್ ವೈಫಲ್ಯಕ್ಕಿಂತ ಅದರ ಅಭ್ಯಾಸದಿಂದಲೇ ಹೆಚ್ಚು ನಷ್ಟವಾಗುತ್ತಿದೆಯೆಂಬ ಕಾರಣ ಕೊಟ್ಟು ಅಮೆರಿಕದ ಭೂಸೇನೆ 1980ರ ದಶಕದಲ್ಲಿ ತನ್ನ ಘಟಕಗಳಲ್ಲಿ ನೆಲ ಮುಟ್ಟುವವರೆಗಿನ ಆಟೊರೊಟೇಷನ್ ಅಭ್ಯಾಸವನ್ನು ನಿಲ್ಲಿಸಿತು. 2010ರ ದಶಕದಲ್ಲಿ ಆರಂಭದ ಶಿಕ್ಷಣಕ್ಕೂ ಲಕೋಟ ಎಂಬ ಎರಡು ಎಂಜಿನ್ನಿನ ಹೆಲಿಕಾಪ್ಟರನ್ನೇ ತಂದಿತು. ಈಚಿನ ವರ್ಷಗಳಲ್ಲಿ ಅದೇ ಸೇನೆ, ಹೊಸ ಪೈಲಟ್‌ಗಳ ಮೂಲ ಹಾರಾಟ ಕೌಶಲ ಕುಂದಿದೆಯೆಂದು ಕಂಡು, ಮತ್ತೆ ಒಂಟಿ ಎಂಜಿನ್ನಿನ ಸರಳ ಯಂತ್ರದತ್ತ ಹೊರಳಿದೆ. ಎರಡು ಎಂಜಿನ್ ಇದ್ದ ಮಾತ್ರಕ್ಕೆ ನಿಶ್ಚಿಂತೆಯಿಲ್ಲವೆಂಬುದಕ್ಕೆ ಸ್ಕಾಟ್‌ಲೆಂಡಿನ ಗ್ಲಾಸ್ಗೊ ನಗರದ ದುರಂತವನ್ನು ನೆನೆಯಬೇಕು. 2013ರ ನವೆಂಬರ್ 29ರ ರಾತ್ರಿ ಪೊಲೀಸ್ ಹೆಲಿಕಾಪ್ಟರೊಂದರ ಟ್ಯಾಂಕಿನಲ್ಲಿ ಇಂಧನವಿದ್ದರೂ ಅದನ್ನು ಎಂಜಿನ್‌ಗಳ ಕಡೆಗೆ ಸಾಗಿಸುವ ಪಂಪ್‌ಗಳು ಆರಿದ್ದುದರಿಂದ ಎರಡೂ ಎಂಜಿನ್‌ಗಳು ಅರ್ಧ ನಿಮಿಷದಷ್ಟು ಅಂತರದಲ್ಲಿ ನಿಂತವು. ಯಂತ್ರ ಜನ ತುಂಬಿದ್ದ ಮದ್ಯದಂಗಡಿಯ ಮೇಲೆ ಬಿದ್ದು ಹತ್ತು ಮಂದಿ ಸತ್ತರು. ಅಪ್ಪಳಿಸುವ ಹೊತ್ತಿಗೆ ರೋಟರ್ ತಿರುಗುತ್ತಲೇ ಇರಲಿಲ್ಲವೆಂದು ತನಿಖೆ ಕಂಡುಕೊಂಡಿತು, ಅಂದರೆ ಆಟೊರೊಟೇಷನ್ ನೆಲೆಗೊಳ್ಳಲೇ ಇಲ್ಲ. ರಾತ್ರಿಯ ಕತ್ತಲೆ, ಕೆಳಗೆ ನಗರ, ಕಡಿಮೆ ಎತ್ತರ, ಇವೆಲ್ಲ ಸೇರಿದ ಅಂಥ ಸ್ಥಿತಿಯನ್ನು ನಿಜವಾದ ಯಂತ್ರದಲ್ಲಿ ಯಾರೂ ಅಭ್ಯಾಸ ಮಾಡಿಸಲಾರರು. ಅದಕ್ಕೆ ಬೇಕಾದದ್ದು ಸಿಮ್ಯುಲೇಟರ್.

ಸಿಮ್ಯುಲೇಟರ್ ಎಂದರೆ ಕಾಕ್‌ಪಿಟ್ಟಿನ ಪ್ರತಿರೂಪವನ್ನು ಅಲುಗಾಡುವ ವೇದಿಕೆಯ ಮೇಲಿಟ್ಟು, ಹೊರಗಿನ ನೋಟವನ್ನೂ ಯಂತ್ರದ ವರ್ತನೆಯನ್ನೂ ಕಂಪ್ಯೂಟರಿನಿಂದ ಸೃಷ್ಟಿಸುವ ಸಾಧನ. ಬೆಂಗಳೂರಿನಲ್ಲಿ ಎಚ್‌ಎಎಲ್ ಮತ್ತು ಕೆನಡಾದ ಸಿಎಇ ಕಂಪನಿ ಜೊತೆಗೂಡಿ ಸ್ಥಾಪಿಸಿದ ಹ್ಯಾಟ್ಸಾಫ್ ಎಂಬ ಸಂಸ್ಥೆಯಲ್ಲಿ ಧ್ರುವ ಸೇರಿದಂತೆ ಹಲವು ಹೆಲಿಕಾಪ್ಟರ್‌ಗಳ ಇಂಥ ಕಾಕ್‌ಪಿಟ್‌ಗಳಿವೆ. ಎಂಜಿನ್ ನಿಂತ ಕೂಡಲೇ ಕಲೆಕ್ಟಿವ್ ಇಳಿಸುವ ಪ್ರತಿಕ್ರಿಯೆ, ಇಳಿಯುವ ಜಾಗದ ಆಯ್ಕೆ, ರೋಟರ್ ವೇಗದ ನಿರ್ವಹಣೆ, ಇವೆಲ್ಲವನ್ನೂ ಅಲ್ಲಿ ನೂರು ಸಲ ತಪ್ಪಿ ನೂರೊಂದನೆಯ ಸಲ ಸರಿಮಾಡಿಕೊಳ್ಳಬಹುದು. ಕೊನೆಯ ಹತ್ತು ಅಡಿಗಳಲ್ಲಿ ನೆಲ ಮೇಲೇರಿ ಬರುವುದನ್ನು ಕಣ್ಣಂಚಿನಲ್ಲಿ ಅಳೆಯುವ ಅನುಭವವನ್ನು ಮಾತ್ರ ಅದು ಪೂರ್ತಿಯಾಗಿ ಕೊಡಲಾರದು; ಆ ಒಂದು ಭಾಗಕ್ಕಾಗಿ ನಿಜವಾದ ಯಂತ್ರದ ಅಭ್ಯಾಸ ಉಳಿಯಲೇಬೇಕು, ಆದರೆ ಸಮತಟ್ಟಾದ ರನ್‌ವೇಯ ಮೇಲೆ, ತಂಪು ಹೊತ್ತಿನಲ್ಲಿ, ಮೊದಲೇ ನಿಶ್ಚಯಿಸಿದ ತೀರ್ಮಾನದ ಎತ್ತರದೊಂದಿಗೆ. ಗಟ್ಟಿಯಾಗಿ ಅಪ್ಪಳಿಸಿದ ಇಳಿತ ಬದುಕುಳಿದವರ ಬೆನ್ನುಮೂಳೆಯ ಬಿಲ್ಲೆಗಳನ್ನು ಅದುಮಿ ಮುರಿಯಬಲ್ಲದು. ಹೊರಗಿನಿಂದ ಸಣ್ಣ ಅವಘಡವೆಂದು ಕಾಣುವ ಘಟನೆಯೂ ಪೈಲಟ್‌ನ ವೃತ್ತಿಯನ್ನೇ ಮುಗಿಸಬಹುದು. ಇಂಥ ಗಾಯಗಳು ಮತ್ತು ಪೈಲಟ್‌ನ ಮನಸ್ಸಿನ ವರ್ತನೆ, ಎರಡೂ ಬೆಂಗಳೂರಿನಲ್ಲಿ 1957ರಲ್ಲಿ ಆರಂಭವಾದ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯ ಅಧ್ಯಯನಕ್ಷೇತ್ರಕ್ಕೆ ಸೇರಿದವು.

ಅಭ್ಯಾಸಕ್ಕೆಂದು ತಂದುಕೊಂಡ ಆಪತ್ತು ಕೈಮೀರುವುದಕ್ಕೆ ಕರ್ನಾಟಕದ ನೆಲದಲ್ಲೇ ಒಂದು ದಾರುಣ ಉದಾಹರಣೆಯಿದೆ, ಅದು ಹೆಲಿಕಾಪ್ಟರಿನದಲ್ಲದಿದ್ದರೂ. 2009ರ ಮಾರ್ಚ್ 6ರಂದು ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯ ರೂಪಿಸಿದ ಸರಸ್ ವಿಮಾನ ಬೆಂಗಳೂರಿನಿಂದ ಪರೀಕ್ಷಾ ಹಾರಾಟಕ್ಕೆ ಹೊರಟಿತು. ಹಾರುತ್ತಿರುವಾಗಲೇ ಎರಡು ಎಂಜಿನ್‌ಗಳಲ್ಲಿ ಒಂದನ್ನು ಬೇಕೆಂದೇ ನಿಲ್ಲಿಸಿ ಮತ್ತೆ ಚಾಲೂ ಮಾಡುವುದು ಅಂದಿನ ಪರೀಕ್ಷೆಯ ಭಾಗವಾಗಿತ್ತು. ಆ ಪ್ರಯತ್ನದಲ್ಲಿ ವಿಮಾನ ಬಿಡದಿಯ ಬಳಿ ನೆಲಕ್ಕೆ ಬಿದ್ದು ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಶಾ ಮತ್ತು ಸ್ಕ್ವಾಡ್ರನ್ ಲೀಡರ್ ಇಳಯರಾಜ ಮೃತರಾದರು. ಎಂಜಿನ್ ಮತ್ತೆ ಚಾಲೂ ಮಾಡಲು ವಿನ್ಯಾಸಕಾರರು ರೂಪಿಸಿಕೊಟ್ಟ ಕ್ರಮವೇ ತಪ್ಪಾಗಿತ್ತು, ಅದನ್ನು ಅನುಸರಿಸಿದ ಎತ್ತರವೂ ಸಾಲದಾಗಿತ್ತು ಎಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ತನಿಖೆ ನಿರ್ಣಯಿಸಿತು. ವಾಯುಪಡೆಯ ಪರೀಕ್ಷಾ ಸಂಸ್ಥೆಯ ನುರಿತ ಪೈಲಟ್‌ಗಳನ್ನೂ ಬರಹದಲ್ಲಿದ್ದ ತಪ್ಪು ಕ್ರಮ ಮತ್ತು ಸಾಲದ ಎತ್ತರ ಉಳಿಯಗೊಡಲಿಲ್ಲ. ವೈಯಕ್ತಿಕ ಕೌಶಲಕ್ಕಿಂತ ಮೊದಲು ಪಾಠದ ಪುಸ್ತಕವೇ ಸರಿಯಿರಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ. ಅಭ್ಯಾಸಕ್ಕೆ ಎಟುಕದ ಆಪತ್ತುಗಳೂ ಇವೆ: 2025ರ ಜನವರಿ 5ರಂದು ಗುಜರಾತಿನ ಪೋರಬಂದರಿನಲ್ಲಿ ಕರಾವಳಿ ಕಾವಲು ಪಡೆಯ ಧ್ರುವ ಹೆಲಿಕಾಪ್ಟರ್ ತರಬೇತಿ ಹಾರಾಟದಲ್ಲಿ ಬಿದ್ದು ಮೂವರು ಸತ್ತಾಗ, ಪೈಲಟ್‌ನ ಕೈಚಲನೆಯನ್ನು ಅಲಗುಗಳಿಗೆ ಮುಟ್ಟಿಸುವ ಸ್ವಾಶ್‌ಪ್ಲೇಟ್ ಎಂಬ ಭಾಗ ಮುರಿದದ್ದು ಪತ್ತೆಯಾಗಿ ಧ್ರುವಗಳ ಹಾರಾಟವನ್ನೇ ತಿಂಗಳುಗಟ್ಟಲೆ ತಡೆಹಿಡಿಯಲಾಯಿತು. ಹಿಡಿಕೆಗೂ ಅಲಗಿಗೂ ಸಂಬಂಧ ಕಡಿದ ಮೇಲೆ ಯಾವ ತರಬೇತಿಯೂ ಕೆಲಸಕ್ಕೆ ಬಾರದು. ತರಬೇತಿಯಿಂದ ಉಳಿಸಬಹುದಾದ ಜೀವಗಳನ್ನಾದರೂ ಉಳಿಸುವ ಹೊಣೆ ಇದರಿಂದ ಹೆಚ್ಚಾಗುತ್ತದೆ.

ಈ ಹೊಣೆ ಕರ್ನಾಟಕಕ್ಕೆ ಈಗ ವಿಶೇಷವಾಗಿ ಹತ್ತಿರವಾಗಿದೆ. ಹಳೆಯ ಚೇತಕ್ ಮತ್ತು ಚೀತಾ ಹೆಲಿಕಾಪ್ಟರ್‌ಗಳ ಜಾಗಕ್ಕೆಂದು ಎಚ್‌ಎಎಲ್ ರೂಪಿಸಿರುವ, 2016ರ ಸೆಪ್ಟೆಂಬರ್ 6ರಂದು ಬೆಂಗಳೂರಿನಲ್ಲಿ ಮೊದಲ ಸಲ ಹಾರಿದ ಲಘು ಉಪಯೋಗಿ ಹೆಲಿಕಾಪ್ಟರ್ ಕೂಡ ಒಂಟಿ ಎಂಜಿನ್ನಿನದೇ. ಅದರ ತಯಾರಿಕೆಗೆಂದು ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ 615 ಎಕರೆಯ ಕಾರ್ಖಾನೆ 2023ರ ಫೆಬ್ರವರಿ 6ರಂದು ಉದ್ಘಾಟನೆಯಾಯಿತು. ಒಂಟಿ ಎಂಜಿನ್ನಿನ ಯಂತ್ರದ ಪೈಲಟ್‌ಗೆ ಆಟೊರೊಟೇಷನ್ ಕೊನೆಯ ಆಸರೆ, ಬದಲಿ ಎಂಜಿನ್ ಇಲ್ಲ. ಗುಬ್ಬಿಯ ಬಯಲಿನಲ್ಲೂ ಬೇಸಿಗೆಯ ನಡುಹಗಲಿನ ಸಾಂದ್ರತಾ ಎತ್ತರ 5,000 ಅಡಿ ದಾಟುತ್ತದೆ, ಈ ಹೆಲಿಕಾಪ್ಟರ್ ಮುಂದೆ ಹೋಗಿ ಸೇವೆ ಮಾಡಬೇಕಾದ ಹಿಮಾಲಯದ ಕಣಿವೆಗಳಲ್ಲಂತೂ ಹೇಳಬೇಕಾಗಿಯೇ ಇಲ್ಲ.

ನಾಗರಿಕ ವಿಮಾನಗಳ ಅಪಘಾತಗಳನ್ನು ತನಿಖೆ ಮಾಡಲು 2012ರಲ್ಲಿ ಸ್ಥಾಪನೆಯಾದ ವಿಮಾನ ಅಪಘಾತ ತನಿಖಾ ಬ್ಯೂರೊ ತನ್ನ ವರದಿಗಳನ್ನು ಪ್ರಕಟಿಸುತ್ತದೆ. ಭಾರತದಲ್ಲಿ ಹೆಲಿಕಾಪ್ಟರ್ ಪೈಲಟ್‌ಗಳಲ್ಲಿ ಹೆಚ್ಚಿನವರು ಕಲಿಯುವುದು ಹಕೀಂಪೇಟೆ, ನಾಸಿಕ್ ಮತ್ತು ಅರಕ್ಕೋಣಂಗಳ ಸೇನಾ ಶಾಲೆಗಳಲ್ಲಿ, ಸೇನಾ ವಿಚಾರಣೆಯ ವರದಿಗಳೋ ಸಾಮಾನ್ಯವಾಗಿ ಸಾರ್ವಜನಿಕರ ಕೈಗೆ ಬರುವುದಿಲ್ಲ. ದೇಶರಕ್ಷಣೆಯ ಗುಟ್ಟುಗಳನ್ನು ಕಾಯಬೇಕಾದದ್ದು ಸರಿ. ಆದರೆ ಯಾವ ಎತ್ತರದಲ್ಲಿ ಅಭ್ಯಾಸವನ್ನು ಕೈಬಿಡಲು ತೀರ್ಮಾನಿಸಲಾಯಿತು, ಆಗ ರೋಟರ್‌ನ ವೇಗ ಎಷ್ಟಿತ್ತು, ಗಾಳಿಯ ಉಷ್ಣತೆ ಎಷ್ಟಿತ್ತು, ಅದು ಸರದಿಯ ಎಷ್ಟನೆಯ ಇಳಿತವಾಗಿತ್ತು ಎಂಬ ನಾಲ್ಕು ಸಂಗತಿಗಳಲ್ಲಿ ಯಾವ ಗುಟ್ಟೂ ಇಲ್ಲ. ಯಾರ ಹೆಸರನ್ನೂ ಹೇಳದೆ, ಯಾರ ಮೇಲೂ ತಪ್ಪು ಹೊರಿಸದೆ ಅವಿಷ್ಟನ್ನು ಸೇನೆಯ ಶಾಲೆಗಳೂ ಬೆಂಗಳೂರಿನಲ್ಲಿ ಎಚ್‌ಎಎಲ್ ನಡೆಸುವ ರೋಟರಿ ವಿಂಗ್ ಅಕಾಡೆಮಿಯೂ ಖಾಸಗಿ ಶಾಲೆಗಳೂ ಹಂಚಿಕೊಂಡರೆ, ಹೊಸ ಹೆಲಿಕಾಪ್ಟರಿನ ಪಾಠದ ಪುಸ್ತಕದಲ್ಲಿ ತೀರ್ಮಾನದ ಎತ್ತರವನ್ನು ಎಲ್ಲ ಸ್ಥಳಕ್ಕೂ ಒಂದೇ ಅಂಕಿಯಾಗಿ ಬರೆಯದೆ, ಸಾಂದ್ರತಾ ಎತ್ತರಕ್ಕೆ ತಕ್ಕಂತೆ ಏರುವ ಕೋಷ್ಟಕವಾಗಿ ಮುದ್ರಿಸಲು ಬೇಕಾದ ಆಧಾರ ಸಿಗುತ್ತದೆ. ಅಂಥ ಕೋಷ್ಟಕದಲ್ಲಿ ಚಿಕ್ಕಮಗಳೂರಿನ ಮಾರ್ಚ್ ತಿಂಗಳ ಮಧ್ಯಾಹ್ನದ ಎದುರು ಇನ್ನೂರು ಅಡಿಗಿಂತ ಕಡಿಮೆಯ ಅಂಕಿ ಇರಲು ಸಾಧ್ಯವಿಲ್ಲ.